ಹಾಸನದ ನರ್ಸಿಂಗ್ ಹೋಮ್ ಒಂದರಲ್ಲಿ ಕೇಬಲ್ ಶಾಫ್ಟ್ ಮತ್ತು ಕಟ್ಟಡದ ಸಂದಿಗೆ ಬೆಂಕಿತಡೆ ಹಾಕಿದ ಕೆಲಸ

ಹಾಸನ ನಗರದ ಈ ಖಾಸಗಿ ನರ್ಸಿಂಗ್ ಹೋಮ್ ಎರಡು ಕಟ್ಟಡಗಳು ಕೂಡಿ ಆದದ್ದು. 24 ಮೀಟರ್ ಉದ್ದದ ಹಳೆಯ ಕಟ್ಟಡದ ಮಗ್ಗುಲಿಗೆ 36 ಮೀಟರ್ ಉದ್ದದ ಹೊಸ ಕಟ್ಟಡ ಎದ್ದಿದೆ. ಎರಡಕ್ಕೂ ನೆಲ ಅಂತಸ್ತು ಮತ್ತು ಅದರ ಮೇಲೆ ಮೂರು ಮಹಡಿಗಳು. ಎರಡರ ನಡುವೆ ನೆಲದಿಂದ ತಾರಸಿಯವರೆಗೆ 50 ಮಿ.ಮೀ. ಅಗಲದ ವಿಸ್ತರಣಾ ಸಂದು (ಕಟ್ಟಡ ಹಿಗ್ಗಿ ಕುಗ್ಗಲೆಂದು ಬಿಟ್ಟ ಅಂತರ) ಇದೆ. ಹೊಸ ಕಟ್ಟಡದ ಮೆಟ್ಟಿಲ ಪಕ್ಕದಲ್ಲಿ ವಿದ್ಯುತ್ ಶಾಫ್ಟ್ ಇದ್ದು, ನೆಲ ಅಂತಸ್ತಿನ ಪ್ಯಾನೆಲ್ ಕೋಣೆಯಿಂದ ಹೊರಟ ಕೇಬಲ್‌ಗಳೆಲ್ಲ ಅದರೊಳಗೇ ಮೇಲೇರಿ ಪ್ರತಿ ಮಹಡಿಯ ವಿತರಣಾ ಪೆಟ್ಟಿಗೆಯನ್ನು ಸೇರುತ್ತವೆ. ಆಡಳಿತದವರು ನಮ್ಮನ್ನು ಕರೆಸಿದ್ದು ಹೊಗೆ ಪತ್ತೆಹಚ್ಚುವ ಅಲಾರಂ ಹಾಕಲು. ಅದರ ವೈರಿಗೆ ದಾರಿ ನೋಡಲೆಂದು ಮೂರನೆಯ ಮಹಡಿಯಲ್ಲಿ ಶಾಫ್ಟಿನ ಪ್ಲೈವುಡ್ ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ ಬೆಳಕು ಎಲ್ಲಿಯೂ ತಡೆಯಿಲ್ಲದೆ ಕೆಳಗಿನ ಪ್ಯಾನೆಲ್ ಕೋಣೆಯ ನೆಲದ ಮೇಲೆ ಬಿತ್ತು. ಅಲಾರಂ ಕೂಗುವುದು ಹೊಗೆ ಬಂದ ಮೇಲೆ. ಹೊಗೆ ಬರುವ ದಾರಿಯನ್ನು ಅದಕ್ಕೂ ಮೊದಲು ಮುಚ್ಚಬೇಕು ಎಂದು ನಾನು ಬರೆದುಕೊಟ್ಟೆ. ಅವರು ಒಪ್ಪಿದರು. ಆ ಕೆಲಸದ ವಿವರ ಇದು.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಹೊತ್ತಿಕೊಂಡದ್ದು ವಿದ್ಯುತ್ ಡಕ್ಟಿನಲ್ಲಿ. ಆ ದಿನ 9 ಜನ ಸತ್ತರು. ಹೊಗೆ ತಾಳಲಾರದೆ ಮೇಲಿನ ಮಹಡಿಗಳಿಂದ ಜಿಗಿದು ಪ್ರಾಣ ಬಿಟ್ಟವರೂ ಅವರಲ್ಲಿದ್ದರು. ಸಂದುಗಳ ವಿಷಯಕ್ಕೆ ಬಂದರೆ, ಅಮೆರಿಕದ ಲಾಸ್ ವೇಗಾಸಿನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 1980ರ ನವೆಂಬರ್ 21ರಂದು ಕೆಳಗಿನ ಅಂತಸ್ತಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಲಿಫ್ಟ್ ಶಾಫ್ಟು, ಮೆಟ್ಟಿಲುಗಳ ಜೊತೆಗೆ ಕಟ್ಟಡದ ಭೂಕಂಪ ಸಂದುಗಳ (ಕಂಪನಕ್ಕೆ ಭಾಗಗಳು ಅಲುಗಲೆಂದು ಬಿಟ್ಟ ಅಂತರಗಳ) ಮೂಲಕವೂ ಏರಿ, ಸತ್ತ 85 ಜನರಲ್ಲಿ ಹೆಚ್ಚಿನವರನ್ನು ಬೆಂಕಿ ಮುಟ್ಟದ ಮೇಲಿನ ಮಹಡಿಗಳಲ್ಲಿಯೇ ಬಲಿ ತೆಗೆದುಕೊಂಡಿತು. ನರ್ಸಿಂಗ್ ಹೋಮಿನಲ್ಲಿ ಮಲಗಿರುವವರು ಎದ್ದು ಓಡಲಾರದವರು. ಅವರನ್ನು ಹೊರಗೆ ಸಾಗಿಸುವಷ್ಟು ಹೊತ್ತು ಮಹಡಿಗೂ ಮಹಡಿಗೂ ನಡುವಿನ ಚಪ್ಪಡಿ ಹೊಗೆಯನ್ನು ತಡೆದು ನಿಲ್ಲಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಹೇಳುವುದೂ ಇದನ್ನೇ: ವಿದ್ಯುತ್ ಕೇಬಲ್‌ಗಳಿಗೆ ಪ್ರತ್ಯೇಕ ಶಾಫ್ಟ್ ಇರಬೇಕು, ಆ ಶಾಫ್ಟನ್ನು ಪ್ರತಿ ಮಹಡಿಯಲ್ಲಿ ಆ ನೆಲದಷ್ಟೇ ಬೆಂಕಿ ತಾಳುವ ವಸ್ತುವಿನಿಂದ ಮುಚ್ಚಬೇಕು.

ಮೊದಲ ಹಂತ ಕೇವಲ ನೋಡುವುದು ಮತ್ತು ಬರೆದುಕೊಳ್ಳುವುದು. ಶಾಫ್ಟಿನೊಳಗೆ ಪ್ರತಿ ಚಪ್ಪಡಿಯಲ್ಲಿಯೂ 600 ಮಿ.ಮೀ. ಉದ್ದ, 250 ಮಿ.ಮೀ. ಅಗಲದ ತೂತು ಬಿಟ್ಟಿದ್ದರು. ಅದರಲ್ಲಿ ಎರಡು ಕೇಬಲ್ ಟ್ರೇಗಳು, ಒಂದು ಅರ್ತಿಂಗ್ ಪಟ್ಟಿ, ಮತ್ತು ಟ್ರೇಯನ್ನು ಲೆಕ್ಕಿಸದೆ ಜೋತು ಬಿದ್ದಿದ್ದ ಸಿಸಿ ಕ್ಯಾಮೆರಾ, ಇಂಟರ್‌ನೆಟ್, ಇಂಟರ್‌ಕಾಮ್ ವೈರುಗಳ ಕಂತೆ. ಇಂಟರ್‌ಕಾಮ್ ಮತ್ತು ದೂರವಾಣಿ ವೈರುಗಳು ವಿದ್ಯುತ್ ಶಾಫ್ಟಿನಲ್ಲಿ ಇರಬಾರದೆಂದು ಸಂಹಿತೆ ಸ್ಪಷ್ಟವಾಗಿ ಹೇಳಿದರೂ ಎಳೆಯುವವರಿಗೆ ಅದು ಸುಲಭದ ದಾರಿ. ಒಂದನೆಯ ಮಹಡಿಯ ತೂತಿಗೆ ಯಾರೋ ಹಳದಿ ಪಾಲಿಯುರೆಥೇನ್ ಫೋಮ್ ಊದಿದ್ದರು. ನೋಡಲು ಪೂರ್ತಿ ಮುಚ್ಚಿದಂತೆ ಕಾಣುತ್ತಿತ್ತು, ಆದರೆ ಒಂದು ಮೂಲೆಯನ್ನು ಇಲಿ ಕೊರೆದಿತ್ತು. ಸಾಮಾನ್ಯ ಫೋಮ್ ತಾನೇ ಉರಿಯುವ ವಸ್ತು. ಬೆಂಕಿಗೆಂದು ಪರೀಕ್ಷೆಯಾದ ಫೋಮ್‌ಗಳಿವೆ; ಅವುಗಳ ಯೋಗ್ಯತೆ ಪರೀಕ್ಷೆಯಲ್ಲಿ ತೋರಿಸಿದ ಕಿರಿದಾದ ಸಂದಿಗೆ ಸೀಮಿತ. ಟ್ರೇ ಹಾದುಹೋಗುವ ಇಷ್ಟು ದೊಡ್ಡ ತೂತಿಗೆ ಅವನ್ನು ಒಪ್ಪಲಾಗದು. ಎರಡನೆಯ ಮಹಡಿಯ ಪಡಸಾಲೆಯ ಗೋಡೆಯಲ್ಲಿ ಕನ್ಸೀಲ್ಡ್ ಪೈಪಿನ ಸುತ್ತಣ ಖಾಲಿ ಜಾಗಕ್ಕೆ ಸಿಮೆಂಟ್ ಚೀಲದ ಕಾಗದ ತುರುಕಿ ಮೇಲೆ ಪಿಒಪಿ ಬಳಿದಿದ್ದರು. ಬಣ್ಣ ಹೊಡೆದ ಮೇಲೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ನಾವು ಪ್ರತಿ ತೂತಿಗೆ ಸಂಖ್ಯೆ ಕೊಟ್ಟು, ಅಳತೆ, ಗೋಡೆಯ ಅಥವಾ ಚಪ್ಪಡಿಯ ದಪ್ಪ, ಒಳಗೆ ಏನೇನು ಹಾದಿದೆ ಎಂಬುದನ್ನು ಫೋಟೋ ಸಮೇತ ಒಂದು ರಿಜಿಸ್ಟರಿನಲ್ಲಿ ಬರೆದೆವು. ಈ ರಿಜಿಸ್ಟರ್ ಇಲ್ಲದೆ ಯಾವ ತೂತಿಗೆ ಯಾವ ವ್ಯವಸ್ಥೆ ಎಂದು ನಿರ್ಧರಿಸುವುದು ಸಾಧ್ಯವೇ ಇಲ್ಲ.

ಇಲ್ಲಿ ವ್ಯವಸ್ಥೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಕೆಂಪು ಬಣ್ಣದ ಟ್ಯೂಬ್ ತೋರಿಸಿ ಇದು ಎರಡು ಗಂಟೆ ಬೆಂಕಿ ತಾಳುವಂಥದು, ಇದು ನಾಲ್ಕು ಗಂಟೆಯದು ಎಂದು ಹೇಳುವ ರೂಢಿ ಬೆಳೆದಿದೆ. ಟ್ಯೂಬಿನೊಳಗಿನ ಸೀಲಂಟಿಗೆ (ಸಂದು ಮುಚ್ಚುವ ಅಂಟಿನಂಥ ವಸ್ತುವಿಗೆ) ತನ್ನಷ್ಟಕ್ಕೆ ಗಂಟೆಯ ಲೆಕ್ಕವಿಲ್ಲ. ಇಂಥ ದಪ್ಪದ ಚಪ್ಪಡಿಯಲ್ಲಿ, ಇಷ್ಟು ದೊಡ್ಡ ತೂತಿನಲ್ಲಿ, ಇಂಥ ಕೇಬಲ್‌ಗಳು ಇಷ್ಟು ಜಾಗ ತುಂಬಿದ್ದಾಗ, ಇಷ್ಟು ಸಾಂದ್ರತೆಯ ರಾಕ್‌ವುಲ್ (ಕಲ್ಲಿನ ಉಣ್ಣೆ) ಇಷ್ಟು ಆಳಕ್ಕೆ ಕೂಡಿಸಿ, ಅದರ ಮೇಲೆ ಇಷ್ಟು ದಪ್ಪ ಸೀಲಂಟ್ ಹಾಕಿದರೆ ಕುಲುಮೆಯಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದಷ್ಟೇ ಪರೀಕ್ಷೆ ಹೇಳುವ ಸಂಗತಿ. ಇಂಥ ಪರೀಕ್ಷೆಗೆ ಮಾನಕಗಳಿವೆ: ಅಮೆರಿಕದ ಯುಎಲ್ 1479 ಕೇಬಲ್ ಮತ್ತು ಪೈಪ್ ತೂತುಗಳಿಗೆ, ಯುಎಲ್ 2079 ಸಂದುಗಳಿಗೆ. ಯುರೋಪಿನ ಇಎನ್ 1366ರ ಮೂರನೆಯ ಭಾಗ ತೂತುಗಳಿಗೆ, ನಾಲ್ಕನೆಯ ಭಾಗ ಸಂದುಗಳಿಗೆ. ನಮ್ಮಲ್ಲಿ ಫೈರ್ ಸ್ಟಾಪ್‌ಗಳಿಗೆಂದೇ, ಅಂದರೆ ಬೆಂಕಿತಡೆ ಸೀಲುಗಳಿಗೆಂದೇ, ಭಾರತೀಯ ಮಾನಕ ಐಎಸ್ 12458 ಇದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 834ರ ತಾಪರೇಖೆಯಂತೆ ಕುಲುಮೆ ಅರ್ಧ ಗಂಟೆಗೆ 842 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆಗೆ 945, ಎರಡು ಗಂಟೆಗೆ 1049 ಡಿಗ್ರಿ ಮುಟ್ಟುತ್ತದೆ. ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ವಸ್ತುವಿನ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ: ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಗಾಜಿನ ಉಣ್ಣೆ ಅದೇ ಸುಮಾರಿಗೆ ಮೆತ್ತಗಾಗಿ ಕುಸಿಯುತ್ತದೆ, ಕಲ್ಲಿನಿಂದ ತೆಗೆದ ರಾಕ್‌ವುಲ್ 1000 ಡಿಗ್ರಿ ದಾಟಿದರೂ ಕರಗದೆ ನಿಲ್ಲುತ್ತದೆ. ಗಾಜಿನ ಉಣ್ಣೆ, ರಾಕ್‌ವುಲ್ ಎರಡೂ ನೋಡಲು ಒಂದೇ ತರಹದ ಹಾಳೆಗಳಾದ್ದರಿಂದ ನಾವು ಬೆಂಗಳೂರಿನಿಂದ ಬಂದ ಪ್ರತಿ ಕಟ್ಟಿನ ಮೇಲಿನ ಸಾಂದ್ರತೆ ಮತ್ತು ಬ್ಯಾಚ್ ಸಂಖ್ಯೆಯನ್ನು ಓದಿ ಬರೆದುಕೊಂಡ ನಂತರವೇ ಒಳಗೆ ಬಿಟ್ಟೆವು.

ಪರೀಕ್ಷೆಯ ವರದಿಯಲ್ಲಿ ಎರಡು ಬೇರೆ ಬೇರೆ ಅಂಕಿಗಳಿರುತ್ತವೆ. ಜ್ವಾಲೆ ಆಚೆ ಬದಿಗೆ ದಾಟದಂತೆ ತಡೆದ ಕಾಲ ಎಫ್ ದರ್ಜೆ. ಆಚೆ ಬದಿಯ ಉಷ್ಣತೆ ಮೊದಲಿದ್ದುದಕ್ಕಿಂತ 181 ಡಿಗ್ರಿಗಿಂತ ಹೆಚ್ಚು ಏರದಂತೆ ತಡೆದ ಕಾಲ ಟಿ ದರ್ಜೆ. ಕೇಬಲ್ ತೂತುಗಳಲ್ಲಿ ಎಫ್ ಎರಡು ಗಂಟೆ ಇದ್ದರೂ ಟಿ ಅದಕ್ಕಿಂತ ಬಹಳ ಕಡಿಮೆ ಇರುವುದು ಸಾಮಾನ್ಯ, ಏಕೆಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಗಳು ಕಾಂಕ್ರೀಟಿಗಿಂತ ನೂರಾರು ಪಟ್ಟು ಸಲೀಸಾಗಿ ಶಾಖವನ್ನು ಮೇಲಕ್ಕೆ ಒಯ್ಯುತ್ತವೆ. ಈ ಕಾರಣಕ್ಕೆ ಶಾಫ್ಟಿನೊಳಗೆ ಸೀಲಿನ ಮೇಲ್ಬದಿಯಲ್ಲಿ ಏನನ್ನೂ ಪೇರಿಸಿಡಬಾರದು. ಇಲ್ಲಿ ಮೂರನೆಯ ಮಹಡಿಯ ಶಾಫ್ಟಿನಲ್ಲಿ ಹಳೆಯ ಬೆಡ್‌ಶೀಟುಗಳ ಮೂಟೆ ಸಿಕ್ಕಿತು. ಅದನ್ನು ಅಂದೇ ತೆಗೆಸಿದೆವು. ಕೇಬಲ್ ಎಫ್‌ಆರ್‌ಎಲ್‌ಎಸ್ (ಬೆಂಕಿ ಹರಡದ, ಕಡಿಮೆ ಹೊಗೆಯ) ಜಾತಿಯದು, ಉರಿಯುವುದಿಲ್ಲ, ಸೀಲ್ ಏಕೆ ಬೇಕು ಎಂದು ಕೇಳುವವರೂ ಇದ್ದಾರೆ. ಆ ಕೇಬಲಿನ ಹೊದಿಕೆ ಕಡಿಮೆ ಹೊಗೆಯನ್ನೂ ಕಡಿಮೆ ಆಮ್ಲ ಅನಿಲವನ್ನೂ ಬಿಡುತ್ತದೆ ಎಂಬುದು ನಿಜ. ಆದರೆ ಮಾನಕದಲ್ಲಿಯೇ ತೂಕದ ಶೇಕಡಾ 20ರವರೆಗೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲಕ್ಕೆ ಅವಕಾಶವಿದೆ. ಪ್ಯಾನೆಲ್ ಕೋಣೆಯಲ್ಲಿ ಬೇರೇನಾದರೂ ಹೊತ್ತಿಕೊಂಡರೆ ಆ ಹೊಗೆಗೆ ಶಾಫ್ಟು ದಾರಿಯಾಗುವುದನ್ನು ಕೇಬಲಿನ ಜಾತಿ ತಡೆಯುವುದೂ ಇಲ್ಲ.

ತೂತು ಮುಚ್ಚಲು ಹಲವು ವಿಧಾನಗಳಿವೆ. ಬೆಂಕಿತಡೆ ಗಾರೆ ಅಗ್ಗವೂ ಗಟ್ಟಿಯೂ ಹೌದು. ಆದರೆ ಒಮ್ಮೆ ಒಣಗಿದ ಮೇಲೆ ಇನ್ನೊಂದು ಕೇಬಲ್ ಸೇರಿಸಬೇಕಾದರೆ ಉಳಿಯಿಂದ ಒಡೆಯಬೇಕು, ಒಡೆದವರು ಮತ್ತೆ ಮುಚ್ಚುತ್ತಾರೆಂಬ ಭರವಸೆ ನನಗಿಲ್ಲ. ಬಿಸಿಗೆ ಉಬ್ಬುವ ವಸ್ತು ತುಂಬಿದ ದಿಂಬುಗಳನ್ನು ತೆಗೆದು ಮತ್ತೆ ಇಡುವುದು ಸುಲಭ. ನೆಲದ ತೂತಿಗೆ ಅಡಿಯಲ್ಲಿ ಜಾಲರಿಯ ಆಧಾರ ಬೇಕು, ಅಷ್ಟೇ ಸುಲಭವಾಗಿ ಯಾರೋ ತೆಗೆದು ಪಕ್ಕಕ್ಕೆ ಎಸೆಯಲೂಬಹುದು. ನಾವು ಆರಿಸಿದ್ದು ಲೇಪನ ಬಳಿದ ರಾಕ್‌ವುಲ್ ಹಾಳೆಯ ವ್ಯವಸ್ಥೆ: 50 ಮಿ.ಮೀ. ದಪ್ಪದ ಎರಡು ಹಾಳೆಗಳು, ಅಂಚುಗಳಿಗೂ ಕೇಬಲ್ ಸುತ್ತಲೂ ಅಕ್ರಿಲಿಕ್ ಸೀಲಂಟ್, ಮತ್ತು ಪ್ರತಿ ತೂತಿನಲ್ಲಿ ಮುಂದಿನ ಕೇಬಲ್‌ಗಳಿಗೆಂದು 100 ಮಿ.ಮೀ. ವ್ಯಾಸದ ಎರಡು ಜಿಐ (ಸತು ಲೇಪಿಸಿದ ಕಬ್ಬಿಣದ) ಕೊಳವೆಗಳು, ಅವುಗಳೊಳಗೆ ಕೈಯಿಂದ ಕೀಳಬಹುದಾದ ಉಬ್ಬುವ ಬಿರಡೆ. ಇಷ್ಟಕ್ಕೂ ತಯಾರಕರ ಪರೀಕ್ಷಾ ವರದಿಯಲ್ಲಿ ಚಿತ್ರ ಇತ್ತು. ನಮ್ಮ ಊರುಗಳಲ್ಲಿ ಕಟ್ಟಡಕ್ಕೆ ಎಳೆದ ಕೇಬಲ್ ಎಂದೂ ಕೊನೆಯ ಕೇಬಲ್ ಆಗಿರುವುದಿಲ್ಲ. ಮುಂದೆ ಬರುವವನಿಗೆ ಜಾಗ ಇಟ್ಟು ಮುಚ್ಚದಿದ್ದರೆ ಅವನು ಸ್ಕ್ರೂಡ್ರೈವರಿನಿಂದ ಚುಚ್ಚಿ ಜಾಗ ಮಾಡಿಕೊಳ್ಳುತ್ತಾನೆ. ಈ ಕೆಲಸದ ಉದ್ದಕ್ಕೂ ನಾನು ತೆಗೆದುಕೊಂಡ ನಿರ್ಧಾರಗಳ ಹಿಂದೆ ಇದ್ದದ್ದು ಇದೊಂದೇ ಯೋಚನೆ.

ಶಾಫ್ಟಿನ ಕೆಲಸವನ್ನು ಹಾಸನಾಂಬ ಜಾತ್ರೆಗೆ ಮೊದಲು ಮುಗಿಸಬೇಕಿತ್ತು. ದೇವಸ್ಥಾನದ ಬಾಗಿಲು ತೆರೆದ ದಿನಗಳಲ್ಲಿ ಊರಿನಲ್ಲಿ ಜನ ತುಂಬಿ ತುಳುಕುವುದರಿಂದ ಆಸ್ಪತ್ರೆಯವರು ವಿದ್ಯುತ್ ನಿಲ್ಲಿಸಲು ಒಪ್ಪುವಂತಿರಲಿಲ್ಲ. ಹೊರರೋಗಿಗಳಿಲ್ಲದ ಭಾನುವಾರಗಳಲ್ಲಿ, ಐಸಿಯು ಇರುವ ಎರಡನೆಯ ಮಹಡಿಗೆ ಜನರೇಟರಿನಿಂದ ಬೇರೆ ಕೇಬಲ್ ಕೊಟ್ಟು, ಒಂದು ಫೀಡರ್ (ವಿದ್ಯುತ್ ಒಯ್ಯುವ ಮುಖ್ಯ ಕೇಬಲ್) ಬಂದ್ ಮಾಡಿ, ಬೀಗ ಹಾಕಿ, ಟೆಸ್ಟರಿನಿಂದ ನೋಡಿದ ಮೇಲೆಯೇ ಕೈ ಹಾಕುತ್ತಿದ್ದೆವು. ಮೊದಲು ಸತ್ತ ಕೇಬಲ್‌ಗಳನ್ನು ಕಿತ್ತೆವು. ಹಳೆಯ ಇಂಟರ್‌ಕಾಮಿನದು, ಕೆಟ್ಟು ಬದಲಾದ ಕ್ಯಾಮೆರಾಗಳದು, ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿಯದ ಕೆಲವು ವೈರುಗಳು. ಕೊನೆಯ ಜಾತಿಯವನ್ನು ಎರಡೂ ತುದಿ ಪತ್ತೆಮಾಡದೆ ಕತ್ತರಿಸಲಿಲ್ಲ. ಉಳಿದ ಡೇಟಾ ವೈರುಗಳನ್ನು ಪಡಸಾಲೆಯ ಬದಿಯ ಪ್ರತ್ಯೇಕ ಕೊಳವೆಗೆ ಸ್ಥಳಾಂತರಿಸಿದೆವು. ಶಾಫ್ಟಿನಲ್ಲಿ ಕೊನೆಗೆ ಉಳಿದದ್ದು ಆರ್ಮರ್ಡ್ (ಲೋಹದ ಕವಚದ) ಅಲ್ಯೂಮಿನಿಯಂ ಕೇಬಲ್‌ಗಳು, ದೀಪದ ಸರ್ಕ್ಯೂಟಿನ ತಾಮ್ರದ ಕೇಬಲ್‌ಗಳು, ಅರ್ತಿಂಗ್ ಪಟ್ಟಿ ಮಾತ್ರ.

ಇದಾದ ಮೇಲೆ ತೂತಿನ ಒಳಗೋಡೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ವ್ಯಾಕ್ಯೂಮ್ ಹಿಡಿದು ಧೂಳು ತೆಗೆದೆವು. ಹಳೆಯ ಫೋಮ್ ಅಂಟಿದ್ದ ಕಡೆ ಕಾಂಕ್ರೀಟ್ ಕಾಣುವವರೆಗೆ ಕೆರೆಯಬೇಕಾಯಿತು, ಏಕೆಂದರೆ ಸೀಲಂಟ್ ಹಿಡಿಯುವುದು ಕಾಂಕ್ರೀಟನ್ನು. ಧೂಳಿಗೆ ಅಂಟಿದ ಸೀಲಂಟ್ ಧೂಳಿನೊಂದಿಗೇ ಕಳಚಿಕೊಳ್ಳುತ್ತದೆ. ಕೇಬಲ್‌ಗಳನ್ನು ಕಂತೆಯಾಗಿ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ತೂತಿನ ಆಚೀಚೆ ಬಿಚ್ಚಿ, ಒಂದರಿಂದ ಒಂದನ್ನು ಬಿಡಿಸಿ ಸಾಲಾಗಿ ನಿಲ್ಲಿಸಿದೆವು. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಕಂತೆಯ ಹೊರಸುತ್ತಿಗೆ ಎಷ್ಟೇ ಸೀಲಂಟ್ ಬಳಿದರೂ ಮೂರು ದುಂಡು ಕೇಬಲ್‌ಗಳು ಕೂಡುವ ನಡುವಿನ ತ್ರಿಕೋನದ ಖಾಲಿ ಜಾಗ ಹಾಗೆಯೇ ಉಳಿದು, ಕೆಳಗಿನ ಬಿಸಿ ಹೊಗೆಗೆ ಕೊಳಲಿನಂತೆ ದಾರಿ ಕೊಡುತ್ತದೆ. ಬಿಡಿಸಿ ನಿಲ್ಲಿಸುವುದರಿಂದ ಇನ್ನೊಂದು ಲಾಭವೂ ಇದೆ: ರಾಕ್‌ವುಲ್ ಶಾಖ ಬಿಡದ ವಸ್ತುವಾದ್ದರಿಂದ ಅದರೊಳಗೆ ಒತ್ತಾಗಿ ಹುದುಗಿದ ಕೇಬಲ್‌ಗಳು ದಿನನಿತ್ಯದ ಲೋಡಿನಲ್ಲಿಯೂ ಹೆಚ್ಚು ಕಾಯುತ್ತವೆ, ನಡುವೆ ಅಂತರವಿದ್ದರೆ ಆ ಕಾವು ಕಡಿಮೆ. ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪಾಲಿಥೀನ್) ಹೊದಿಕೆಯ ಕೇಬಲಿನ ತಂತಿ 90 ಡಿಗ್ರಿ, ಪಿವಿಸಿಯದು 70 ಡಿಗ್ರಿ ಮೀರಬಾರದೆಂಬ ಮಿತಿ ಸೀಲಿನೊಳಗೂ ಅನ್ವಯಿಸುತ್ತದೆ.

ಹಾಳೆ ಕತ್ತರಿಸುವಾಗ ರಟ್ಟಿನ ಮೇಲೆ ತೂತಿನ ನಕ್ಷೆ ತೆಗೆದು, ಟ್ರೇ ಮತ್ತು ಕೇಬಲ್‌ಗಳ ಆಕಾರ ಬಿಡಿಸಿ, ಅಂಚಿಗೆ ಎರಡು ಮಿ.ಮೀ.ನಷ್ಟು ಹೆಚ್ಚು ಇಟ್ಟು ಕತ್ತರಿಸಿದೆವು. ಹಾಳೆ ಬಿಗಿಯಾಗಿ ಕೂರಬೇಕು. ಸಡಿಲವಾಗಿ ಕೂತ ಹಾಳೆಯ ಸುತ್ತ ಸೀಲಂಟ್ ತುಂಬಿ ಸರಿಮಾಡುತ್ತೇನೆ ಎನ್ನುವವನಿಗೆ ಸೀಲಂಟೂ ಹಾಳು, ಸೀಲೂ ಹಾಳು. ಕೂಡಿಸುವ ಮೊದಲೇ ಹಾಳೆಯ ಕತ್ತರಿಸಿದ ಅಂಚುಗಳಿಗೆ ಸೀಲಂಟ್ ಬಳಿದು, ನಂತರ ಒತ್ತಿ ಕೂರಿಸಿದೆವು. ಎರಡನೆಯ ಹಾಳೆಯ ಸೇರುವೆ ಮೊದಲನೆಯದರ ಸೇರುವೆಯ ಮೇಲೆಯೇ ಬರದಂತೆ ಸರಿಸಿದೆವು. ಟ್ರೇಯ ತೂತುಗಳೊಳಗೆ, ಅದರ ಅಂಚಿನ ಮಡಿಕೆಯೊಳಗೆ ಕೈಬೆರಳಿನಿಂದ ಸೀಲಂಟ್ ಒತ್ತಿ ತುಂಬುವ ಕೆಲಸಕ್ಕೆ ಹಿಡಿಯುವ ಹೊತ್ತು ಉಳಿದೆಲ್ಲದಕ್ಕಿಂತ ಹೆಚ್ಚು. ಆಲೂರು ಕಡೆಯಿಂದ ಬರುತ್ತಿದ್ದ ನಮ್ಮ ಹುಡುಗರಲ್ಲಿ ಒಬ್ಬನು ಸಣ್ಣ ಕನ್ನಡಿ ಹಿಡಿದು ಟ್ರೇಯ ಹಿಂಬದಿಯನ್ನು ನೋಡಿಕೊಂಡು ತುಂಬುವ ಕ್ರಮ ಹಚ್ಚಿಕೊಂಡ. ಆ ಮೇಲೆ ಹಿಂಬದಿಯಲ್ಲಿ ಒಂದು ಸಂದೂ ಬಿಟ್ಟುಹೋಗಲಿಲ್ಲ. ಸೀಲಿನ ಮೇಲೆ ಯಾರಾದರೂ ಕಾಲಿಟ್ಟರೆ ಒಡೆದು ಕೆಳಗೆ ಬೀಳುವ ಅಪಾಯ ಇರುವುದರಿಂದ ಪ್ರತಿ ಮಹಡಿಯಲ್ಲಿ ಅದರ ಮೇಲೆ, ಸೀಲನ್ನು ತಾಗದಂತೆ, ಚಪ್ಪಡಿಗೆ ಬೋಲ್ಟ್ ಮಾಡಿದ ಕಬ್ಬಿಣದ ಜಾಲರಿ ಹಾಕಿದೆವು. ಪ್ಲೈವುಡ್ ಬಾಗಿಲುಗಳ ಜಾಗದಲ್ಲಿ ಪ್ರಮಾಣಪತ್ರವಿರುವ ಬೆಂಕಿ ಬಾಗಿಲು ಬಂತು.

ಗೋಡೆಯ ಸಣ್ಣ ತೂತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದ, ಪಿಒಪಿ ಕಿತ್ತು, ರಾಕ್‌ವುಲ್ ತುಂಬಿ, ಎರಡೂ ಬದಿಯಲ್ಲಿ ವರದಿಯಲ್ಲಿ ಹೇಳಿದಷ್ಟು ದಪ್ಪ ಸೀಲಂಟ್ ಹಾಕಿದೆವು. ಗೋಡೆಗೆ ಬೆಂಕಿ ಯಾವ ಬದಿಯಿಂದ ಬರುತ್ತದೆಂದು ಮೊದಲೇ ಹೇಳಲಾಗದ ಕಾರಣ ಎರಡು ಬದಿಯ ಸೀಲೂ ಬೇಕು. ಫಾಲ್ಸ್ ಸೀಲಿಂಗಿನ ಮೇಲೆ ಗೋಡೆ ಚಪ್ಪಡಿಯವರೆಗೆ ಮುಟ್ಟಿದೆಯೇ ಎಂದು ಟೈಲ್ ಎತ್ತಿ ನೋಡುವುದನ್ನು ಮರೆಯಬಾರದು. ಇಲ್ಲಿ ಒಂದು ಕಡೆ ಇಟ್ಟಿಗೆ ಗೋಡೆ ಒಂದು ಅಡಿ ಕೆಳಗೇ ನಿಂತಿತ್ತು, ಅದನ್ನು ಮೇಸ್ತ್ರಿಯಿಂದ ಕಟ್ಟಿಸಿದ ನಂತರ ಮೇಲಿನ ಸೇರುವೆಯನ್ನು ಮುಚ್ಚಿದೆವು.

ವಿಸ್ತರಣಾ ಸಂದಿನ ಕಥೆ ಬೇರೆ. ಕಾಂಕ್ರೀಟ್ ಕಟ್ಟಡದ ಉದ್ದ 45 ಮೀಟರ್ ಮೀರಿದರೆ ವಿಸ್ತರಣಾ ಸಂದು ಇರಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಎರಡೂ ಸೇರಿ 60 ಮೀಟರ್ ಆಗುವ ಈ ಕಟ್ಟಡದಲ್ಲಿ ಸಂದು ಬಿಟ್ಟದ್ದು ಸರಿಯಾದ ಕ್ರಮವೇ. ಆದರೆ ಹೊಸ ಕಟ್ಟಡದ ಅಂಚನ್ನು ಎರಕ ಹೊಯ್ಯುವಾಗ ಹಳೆಯ ಗೋಡೆಗೆ ಒತ್ತಿ ಇಟ್ಟ ಥರ್ಮೋಕೋಲ್ ಹಾಳೆಗಳನ್ನು ಹಾಗೆಯೇ ಬಿಟ್ಟು, ನೆಲಕ್ಕೆ ಅಲ್ಯೂಮಿನಿಯಂ ಪಟ್ಟಿ, ಗೋಡೆಗೆ ಪಿವಿಸಿ ಪಟ್ಟಿ ಹೊಡೆದು ಮುಗಿಸಿದ್ದರು. ನಮ್ಮ ಕಡೆ ಬಹುಪಾಲು ಕಟ್ಟಡಗಳಲ್ಲಿ ಹೀಗೆಯೇ ಇದೆ. ಥರ್ಮೋಕೋಲ್ ಸುಮಾರು 100 ಡಿಗ್ರಿಗೆ ಮೆತ್ತಗಾಗಿ ಕುಗ್ಗುತ್ತದೆ, ಇನ್ನಷ್ಟು ಕಾದರೆ ಕರಗಿ ಉರಿಯುತ್ತಾ ಹನಿಹನಿಯಾಗಿ ಕೆಳಗಿನ ಮಹಡಿಗೆ ಬೀಳುತ್ತದೆ. ನೆಲದಿಂದ ತಾರಸಿಯವರೆಗೆ ಒಂದೇ ಸಮ ನಿಂತ ಇಂಥ ಹಾಳೆ ತಡೆಯೂ ಅಲ್ಲ, ಖಾಲಿ ಜಾಗವೂ ಅಲ್ಲ. ಅದು ಬೆಂಕಿಗೆ ಇಟ್ಟ ಉರುವಲು. ಅದನ್ನು ಪೂರ್ತಿ ತೆಗೆಯುವುದೇ ಕಷ್ಟದ ಕೆಲಸ. ಉದ್ದನೆಯ ಗರಗಸದ ಅಲಗು ಮತ್ತು ತುದಿ ಬಗ್ಗಿಸಿದ ಕಬ್ಬಿಣದ ಸರಳಿನಿಂದ ಚೂರುಚೂರಾಗಿ ಎಳೆದು ತೆಗೆದೆವು. ಬಿಸಿ ಗಾಳಿಯ ಗನ್ನಿನಿಂದ ಕರಗಿಸಿಬಿಡೋಣ ಎಂಬ ಸಲಹೆಯನ್ನು ಒಪ್ಪಲಿಲ್ಲ, ಏಕೆಂದರೆ ಕಣ್ಣಿಗೆ ಕಾಣದ ಆಳದಲ್ಲಿ ಅದು ಹೊತ್ತಿಕೊಂಡರೆ ಆರಿಸುವ ಬಗೆಯೇ ಇಲ್ಲ, ಮತ್ತು ಆ ಹೊಗೆ ರೋಗಿಗಳಿರುವ ಕೋಣೆಗೇ ಹೋಗುತ್ತದೆ.

ಸಂದಿಗೆ ಹಾಕುವ ಸೀಲು ತೂತಿನ ಸೀಲಿನಂತೆ ಸುಮ್ಮನೆ ನಿಂತಿರುವಂಥದ್ದಲ್ಲ, ಕಟ್ಟಡದೊಂದಿಗೆ ಹಿಗ್ಗಿ ಕುಗ್ಗಬೇಕು. ಲೆಕ್ಕ ಸರಳವಾಗಿದೆ. ಪ್ರತಿ ಕಟ್ಟಡವೂ ತನ್ನ ನಡುವಿನಿಂದ ಎರಡೂ ಬದಿಗೆ ಹಿಗ್ಗುತ್ತದೆಂದು ಹಿಡಿದರೆ ಸಂದಿನ ಮೇಲೆ ಪರಿಣಾಮ ಬೀರುವ ಉದ್ದ 18 ಮತ್ತು 12 ಸೇರಿ 30 ಮೀಟರ್. ಕಾಂಕ್ರೀಟ್ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 10 ಭಾಗ ಹಿಗ್ಗುತ್ತದೆ. 15 ಡಿಗ್ರಿ ವ್ಯತ್ಯಾಸಕ್ಕೆ 4.5 ಮಿ.ಮೀ., ಅಂದರೆ ಸಂದಿನ ಅಗಲದ ಶೇಕಡಾ 9. ಗಟ್ಟಿಯಾಗುವ ಗಾರೆ ಇಲ್ಲಿ ಮೊದಲ ವರ್ಷವೇ ಬಿರಿಯುತ್ತದೆ. ಶಾಫ್ಟಿಗೆ ಬಳಸಿದ ಅಕ್ರಿಲಿಕ್ ಸೀಲಂಟಿನ ಚಲನ ಸಾಮರ್ಥ್ಯ ಕಡಿಮೆ ಆದ್ದರಿಂದ ಸಂದಿಗೆ ಶೇಕಡಾ 25 ಹಿಗ್ಗುವ ಮತ್ತು ಕುಗ್ಗುವ ಸಾಮರ್ಥ್ಯವಿರುವ, ಸಂದುಗಳಿಗೆಂದೇ ಪರೀಕ್ಷೆಯಾದ ಸಿಲಿಕೋನ್ ಬೆಂಕಿತಡೆ ಸೀಲಂಟ್ ತರಿಸಿದೆವು. ಬೆಳಗಿನ ಚಳಿಗೆ ಕಾಂಕ್ರೀಟ್ ಕುಗ್ಗಿ ಸಂದು ಅಗಲವಾಗಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕಿರಿದಾಗುತ್ತದೆ. ತಾರಸಿಗೆ ಹತ್ತಿರದ ಮೂರನೆಯ ಮಹಡಿಯಲ್ಲಿ ಈ ವ್ಯತ್ಯಾಸ ಕ್ಯಾಲಿಪರಿನಲ್ಲಿ ಚೆನ್ನಾಗಿಯೇ ಸಿಗುತ್ತಿತ್ತು. ಸಂದಿನ ಅಗಲ ಈ ಹೆಚ್ಚು ಕಡಿಮೆಗಳ ನಡುಮಧ್ಯದಲ್ಲಿರುವ ಹೊತ್ತಿನಲ್ಲಿ ಸೀಲಂಟ್ ಹಾಕಿದರೆ ಅದು ಎರಡೂ ಕಡೆಗೆ ಸಮನಾಗಿ ದುಡಿಯುತ್ತದೆ.

ಸೀಲಂಟಿನ ಅಡಿಯ ರಾಕ್‌ವುಲ್ ಎಷ್ಟು ಒತ್ತಡದಲ್ಲಿ ಕೂತಿದೆ ಎಂಬುದರ ಮೇಲೆ ಈ ಸೀಲಿನ ಬಾಳಿಕೆ ನಿಂತಿದೆ. ಸಂದು ಅಗಲವಾದಾಗಲೂ ಉಣ್ಣೆ ಎರಡು ಬದಿಯ ಕಾಂಕ್ರೀಟನ್ನು ಬಿಡದೆ ಒತ್ತಿರಬೇಕಾದರೆ ಅದನ್ನು ಮೊದಲೇ ಹಿಸುಕಿ ತುಂಬಬೇಕು. 75 ಮಿ.ಮೀ. ದಪ್ಪದ ಹಾಳೆಯನ್ನು ಮೂರರಲ್ಲಿ ಒಂದು ಭಾಗ ಹಿಸುಕಿದರೆ 50 ಮಿ.ಮೀ. ಆಗುತ್ತದೆ. ಆ ಹಾಳೆಯಿಂದ 100 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, ಹಾಳೆಯ ದಪ್ಪದ ದಿಕ್ಕು ಸಂದಿನ ಅಗಲಕ್ಕೆ ಬರುವಂತೆ ಹಿಡಿದು, ಎರಡು ತೆಳು ತಗಡುಗಳ ನಡುವೆ ಒತ್ತಿ ಸಂದಿಗೆ ಇಳಿಸಿ ತಗಡುಗಳನ್ನು ಎಳೆದುಕೊಂಡೆವು. ದಿಕ್ಕು ತಪ್ಪಿದರೆ ಉಣ್ಣೆ ಮಡಚಿಕೊಳ್ಳುತ್ತದೆ, ಮತ್ತೆ ಹಿಗ್ಗುವುದಿಲ್ಲ. ಒಂದು ಪಟ್ಟಿ ಮುಗಿದು ಇನ್ನೊಂದು ಶುರುವಾಗುವ ಕಡೆ ಉದ್ದದ ದಿಕ್ಕಿನಲ್ಲಿಯೂ ಒತ್ತಿ ಸೇರಿಸಿದೆವು. ಅದರ ಮೇಲೆ 12 ಮಿ.ಮೀ. ಸೀಲಂಟ್. 50 ಮಿ.ಮೀ. ಅಗಲ, 12 ಮಿ.ಮೀ. ಆಳಕ್ಕೆ ಒಂದು ಮೀಟರಿಗೆ 600 ಮಿಲಿಲೀಟರ್, ಅಂದರೆ ಸರಿಯಾಗಿ ಒಂದು ಸಾಸೇಜ್ ಪ್ಯಾಕ್ (ಸೀಲಂಟ್ ತುಂಬಿದ ಉದ್ದನೆಯ ಮೆತ್ತನೆಯ ಪೊಟ್ಟಣ) ಖರ್ಚಾಗುತ್ತದೆ. ಖಾಲಿ ಪ್ಯಾಕುಗಳನ್ನು ಎಸೆಯದೆ ಎಣಿಸುತ್ತಿದ್ದುದು ಇದಕ್ಕಾಗಿಯೇ: ಹತ್ತು ಮೀಟರ್ ಸಂದು ಮುಗಿದಾಗ ಆರು ಪ್ಯಾಕ್ ಮಾತ್ರ ಖಾಲಿಯಾಗಿದ್ದರೆ ಸೀಲಂಟಿನ ದಪ್ಪ ಸಾಲದು ಎಂದು ಕತ್ತರಿಸಿ ನೋಡದೆಯೇ ಹೇಳಬಹುದು.

ಅತಿ ಹೆಚ್ಚು ಗಮನ ಬೇಡಿದ್ದು ನೆಲದ ಸಂದು ಗೋಡೆಯ ಸಂದನ್ನು ಕೂಡುವ ಮೂಲೆಗಳು. ನೆಲದ ಪಟ್ಟಿಯನ್ನು ಗೋಡೆಯ ಮುಖದಲ್ಲಿಯೇ ನಿಲ್ಲಿಸಿದರೆ ಗೋಡೆಯ ದಪ್ಪದೊಳಗೆ ಕೆಳಗಿನಿಂದ ಮೇಲಕ್ಕೆ ಖಾಲಿ ದಾರಿ ಉಳಿಯುತ್ತದೆ, ಹೊರಗಿನಿಂದ ಅದು ಕಾಣುವುದೇ ಇಲ್ಲ. ಆದ್ದರಿಂದ ನೆಲದ ಉಣ್ಣೆಯನ್ನು ಗೋಡೆಯ ದಪ್ಪವನ್ನು ದಾಟಿಸಿ ಹೊರಗೋಡೆಯ ಅಂಚಿನವರೆಗೆ ಒಯ್ದು, ಗೋಡೆಯ ಉಣ್ಣೆಯನ್ನು ಅದರ ಮೇಲೆ ಒತ್ತಿ ನಿಲ್ಲಿಸಿದೆವು.

ಮಲೆನಾಡಿನ ಅಂಚಿನ ಊರಾದ ಹಾಸನದಲ್ಲಿ ಮಳೆಯ ಲೆಕ್ಕ ಬಿಟ್ಟು ಸೀಲಂಟ್ ಹಾಕಲಾಗದು. ಅಕ್ರಿಲಿಕ್ ಸೀಲಂಟ್ ನೀರು ಆರಿ ಗಟ್ಟಿಯಾಗುವ ವಸ್ತು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಮೇಲ್ಪದರ ಮಾತ್ರ ಕಟ್ಟಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ, ನೀರು ಹರಿದರೆ ತೊಳೆದೇ ಹೋಗುತ್ತದೆ. ತಾರಸಿಯ ಸಂದಿನಿಂದ ಸೋರಿದ ನೀರು ಮೂರನೆಯ ಮಹಡಿಯ ಸಂದಿನ ಗೋಡೆಗಳಲ್ಲಿ ಪಾಚಿ ಕಟ್ಟಿಸಿತ್ತು. ಬೆಂಕಿತಡೆ ಸೀಲು ನೀರುತಡೆಯಲ್ಲ. ತಾರಸಿಯಲ್ಲಿ ಎರಡೂ ಬದಿಗೆ ಕಟ್ಟೆ ಎತ್ತಿ, ಮೇಲೆ ತಗಡಿನ ಟೋಪಿ ಹೊದಿಸಿ ನೀರು ನಿಂತ ಮೇಲೆ, ಕೆಳಗಿನ ಕಾಂಕ್ರೀಟ್ ಒಣಗಲು ಬಿಟ್ಟು, ಆ ಮಹಡಿಯ ಸಂದಿನ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದೆವು.

ಪರಿಶೀಲನೆಗೆ ಹಾಕಿದ ಸೀಲನ್ನೇ ಕತ್ತರಿಸಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಮೆರಿಕದ ಎಎಸ್‌ಟಿಎಂ ಇ 2174 ಎಂಬ ಮಾನಕದಲ್ಲಿ ಕೆಲಸ ನಡೆಯುವಾಗಲೇ ಪ್ರತಿ ಬಗೆಯ ಶೇಕಡಾ 10ರಷ್ಟನ್ನು ಕಣ್ಣಾರೆ ನೋಡುವುದು, ಇಲ್ಲವೇ ಮುಗಿದ ಮೇಲೆ ಶೇಕಡಾ 2ರಷ್ಟನ್ನು ಕತ್ತರಿಸಿ ನೋಡುವುದು ಎಂಬ ಕ್ರಮವಿದೆ. ಸಂದುಗಳಿಗೆ ಇ 2393 ಇದೆ. ನಮ್ಮದು ಸಣ್ಣ ಕೆಲಸವಾದ್ದರಿಂದ ಪ್ರತಿ ಮಹಡಿಯ ಸಂದಿನಲ್ಲಿಯೂ ಒಂದು ಕಡೆ ಚೌಕ ಕತ್ತರಿಸಿ ತೆಗೆದು ಸೀಲಂಟಿನ ದಪ್ಪ, ಉಣ್ಣೆಯ ಆಳ ಅಳೆದು, ಅದೇ ಜಾಗವನ್ನು ಮತ್ತೆ ತುಂಬಿದೆವು. ಗಾಳಿ ಸೋರುತ್ತಿದೆಯೇ ಎಂದು ನೋಡಲು ಊದುಬತ್ತಿ ಹಚ್ಚಿ ಹಿಡಿಯೋಣ ಎಂದು ಒಬ್ಬ ಕೆಲಸಗಾರ ಕೇಳಿದಾಗ ನಾನು ಅವನಿಗೆ ಬ್ರೌನ್ಸ್ ಫೆರಿಯ ಸಂಗತಿ ಹೇಳಿದೆ. ಅಮೆರಿಕದ ಅಲಬಾಮಾದ ಆ ಪರಮಾಣು ವಿದ್ಯುತ್ ಸ್ಥಾವರದಲ್ಲಿ 1975ರ ಮಾರ್ಚ್ 22ರಂದು, ಕೇಬಲ್ ತೂತಿನ ಸೀಲಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ಮೇಣದಬತ್ತಿ ಹಿಡಿದು ನೋಡುತ್ತಿದ್ದಾಗ ಜ್ವಾಲೆಯನ್ನು ಗಾಳಿ ಒಳಕ್ಕೆ ಎಳೆದುಕೊಂಡು ಪಾಲಿಯುರೆಥೇನ್ ಫೋಮಿಗೆ ಬೆಂಕಿ ತಗಲಿತು. ಅದು ಸುಮಾರು ಏಳು ಗಂಟೆ ಉರಿದು 1600ಕ್ಕೂ ಹೆಚ್ಚು ಕೇಬಲ್‌ಗಳನ್ನು ಹಾಳುಮಾಡಿತು. ನಾವು ಶಾಫ್ಟಿನ ದೀಪ ಆರಿಸಿ, ಕೆಳಗಿನಿಂದ ಪ್ರಖರವಾದ ಟಾರ್ಚ್ ಬಿಟ್ಟು ಮೇಲೆ ಬೆಳಕಿನ ಎಳೆ ಕಾಣುತ್ತದೆಯೇ ಎಂದು ನೋಡಿದೆವು. ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಅಂಚಿನ ಉದ್ದಕ್ಕೂ ಹಿಡಿದು ಅದು ಅಲುಗುತ್ತದೆಯೇ ಎಂದು ನೋಡಿದೆವು. ಟ್ರೇಯ ಮಡಿಕೆಯಲ್ಲಿ ಒಂದು ಕಡೆ ಬೆಳಕು ಸಿಕ್ಕಿತು, ತುಂಬಿದೆವು.

ಪ್ರತಿ ಸೀಲಿನ ಪಕ್ಕದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದ ಫಲಕವಿದೆ: ಸೀಲಿನ ಸಂಖ್ಯೆ, ಎಷ್ಟು ಗಂಟೆಯದು, ಯಾವ ಸಾಮಗ್ರಿ, ಯಾವ ದಿನಾಂಕ, ಮತ್ತು ಕೆಂಪು ಅಕ್ಷರದಲ್ಲಿ, ಇದನ್ನು ಚುಚ್ಚಬೇಡಿ, ಹೊಸ ಕೇಬಲಿಗೆ ಕೊಳವೆ ಬಳಸಿ, ನಿರ್ವಹಣಾ ಕೋಣೆಯಲ್ಲಿ ತಿಳಿಸಿ ಎಂಬ ಸೂಚನೆ. ರಿಜಿಸ್ಟರಿನ ಒಂದು ಪ್ರತಿ ಆ ಕೋಣೆಯಲ್ಲಿದೆ. ಬಿರಡೆಗಳ ಪೆಟ್ಟಿಗೆ, ಎರಡು ಟ್ಯೂಬ್ ಸೀಲಂಟ್, ಒಂದು ಗನ್ ಅನ್ನೂ ಅಲ್ಲಿಯೇ ಇಟ್ಟಿದ್ದೇವೆ. ಹೊಸ ಎಕ್ಸ್‌ರೇ ಯಂತ್ರಕ್ಕೆ ಒಂದನೆಯ ಮಹಡಿಗೆ ಪವರ್ ಕೇಬಲ್ ಎಳೆಯಲು ಬೇರೊಬ್ಬ ಗುತ್ತಿಗೆದಾರನ ಕಡೆಯವರು ಬಂದಾಗ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ತಾನೇ ನಿಂತು ಬಿರಡೆ ಕೀಳಿಸಿ, ಕೇಬಲ್ ದಾಟಿಸಿ, ಬಿರಡೆಯನ್ನು ಕೇಬಲಿನ ಆಕಾರಕ್ಕೆ ಕೊರೆದು ಕೂರಿಸಿ, ಸುತ್ತ ಸೀಲಂಟ್ ಹಾಕಿಸಿ, ರಿಜಿಸ್ಟರಿನಲ್ಲಿ ದಿನಾಂಕದೊಂದಿಗೆ ಬರೆದಿದ್ದಾರೆ. ನಾನು ಹೋಗಿ ನೋಡಿದಾಗ ಸೀಲು ಸರಿಯಾಗಿತ್ತು.

ಬಾಕಿ ಇರುವುದು ಹಳೆಯ ಕಟ್ಟಡದ ಪ್ಲಂಬಿಂಗ್ ಶಾಫ್ಟ್. ಅಲ್ಲಿನ 110 ಮಿ.ಮೀ. ಪಿವಿಸಿ ಪೈಪುಗಳು ಬೆಂಕಿಗೆ ಕರಗಿದರೆ ಪೈಪಿನ ಜಾಗವೇ ತೂತಾಗುತ್ತದೆ, ಸುತ್ತಲಿನ ಸೀಲಂಟ್ ಎಷ್ಟಿದ್ದರೂ ಉಪಯೋಗವಿಲ್ಲ. ಪೈಪ್ ಮೆತ್ತಗಾದೊಡನೆ ಉಬ್ಬಿ ಅದನ್ನು ಹಿಸುಕಿ ಮುಚ್ಚುವ ಕಾಲರುಗಳನ್ನು ಪ್ರತಿ ಚಪ್ಪಡಿಯ ಅಡಿಭಾಗಕ್ಕೆ ಬೋಲ್ಟ್ ಮಾಡಬೇಕು. ಗೋಡೆಗೆ ತೀರ ಒತ್ತಿ ಹೋಗಿರುವ ಎರಡು ಪೈಪುಗಳಿಗೆ ಕಾಲರ್ ಸುತ್ತಿಸಲು ಜಾಗವಿಲ್ಲದ ಕಾರಣ ಅಲ್ಲಿ ಚಪ್ಪಡಿಯನ್ನು ಸ್ವಲ್ಪ ಕಡಿದು ಉಬ್ಬುವ ಪಟ್ಟಿಯನ್ನು ತೂತಿನೊಳಗೇ ಸುತ್ತುವ ವ್ಯವಸ್ಥೆಯನ್ನು ಆರಿಸಿದ್ದೇವೆ. ಅಳತೆ ಮುಗಿದಿದೆ, ಸಾಮಗ್ರಿಗೆ ಆರ್ಡರ್ ಹೋಗಿದೆ.